ಅವ್ವನ ಬಲಗೈ ಮತ್ತೆ ರೊಟ್ಟಿ ಬಡಿಯುತ್ತದಾ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ನಮ್ಮ ಅವ್ವನಿಗೆ 57 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗಡೆ ಕೈಕಾಲು ಬಿದ್ದವು. ಕಾಲು ಈಗ ಪರವಾಗಿಲ್ಲ, ಕೋಲು ಹಿಡಿದು ಬಚ್ಚಲಿನವರೆಗೆ ತಾನೇ ಹೋಗುತ್ತಾಳೆ. ಮಾತು ತಡವರಿಸುತ್ತದೆ, ಆದರೆ ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಬಲಗೈ ಮಾತ್ರ ಏಳುತ್ತಿಲ್ಲ. ಬೆರಳು ಮಡಚಿಕೊಂಡಿವೆ. ಆಸ್ಪತ್ರೆಯಲ್ಲಿ ಒಬ್ಬರು ‘ಕನ್ನಡಿ ಇಟ್ಟು ವ್ಯಾಯಾಮ ಮಾಡಿಸಿ’ ಅಂದರು. ಹೇಗೆ ಅಂತ ಹೇಳಲಿಲ್ಲ. ಕನ್ನಡಿ ನೋಡಿದರೆ ಕೈ ಬರುತ್ತದಾ? ಅವ್ವ ದಿನಾ ಒಂದೇ ಕೇಳುತ್ತಾಳೆ, ‘ನಾ ಮತ್ತ ರೊಟ್ಟಿ ಬಡೀತೀನೇನು?’ ಅಂತ. ಏನು ಹೇಳಲಿ?

ಉತ್ತರ: ಕನ್ನಡಿಯಿಂದ ಉಪಯೋಗ ಇದೆ. ಯಾರೋ ಸುಮ್ನೆ ಹೇಳಿದ ಮಾತಲ್ಲ ಅದು. ಆದರೆ ಕನ್ನಡಿ ಮುಂದೆ ಕೂರಿಸಿದ ಮಾತ್ರಕ್ಕೆ ಕೈ ಬರುವುದಿಲ್ಲ. ಎಲ್ಲಿ ಇಡಬೇಕು, ಏನು ಮಾಡಿಸಬೇಕು, ಕನ್ನಡಿ ತೆಗೆದ ಮೇಲೆ ಏನು ಮಾಡಿಸಬೇಕು, ಇಷ್ಟೂ ಸರಿಯಾಗಬೇಕು. ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತ ಇಪ್ಪತ್ತು ವರ್ಷ ಆಯಿತು. ಎರಡು ದಿನ ಮಾಡಿ, ‘ಏನೂ ಆಗಲಿಲ್ಲ’ ಅಂತ ಕನ್ನಡಿಯನ್ನು ಗೋಡೆಗೆ ತೂಗುಹಾಕಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೇಳಿದರೆ ಕನ್ನಡಿ ಇಟ್ಟ ಬಗೆಯೇ ತಪ್ಪಾಗಿರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಿಳಿಯಲಿ. ನಿಮ್ಮ ತಾಯಿಯ ಕೈಗೆ ಏನೂ ಆಗಿಲ್ಲ. ಮೂಳೆ, ಕೀಲು, ಮಾಂಸಖಂಡ, ಕೈಯೊಳಗಿನ ನರ ಎಲ್ಲ ಇದ್ದಲ್ಲೇ ಇವೆ. ಪೆಟ್ಟು ಬಿದ್ದದ್ದು ಕೈಗೆ ಅಪ್ಪಣೆ ಕಳಿಸುವ ಜಾಗಕ್ಕೆ. ಅದು ಮಿದುಳಿನ ಎಡಭಾಗದಲ್ಲಿದೆ. ಅಲ್ಲಿಂದ ಹೊರಟ ನಾರುಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಆಚೆ ಬದಿಗೆ ದಾಟಿ ಬಲಗೈಗೆ ಹೋಗುತ್ತವೆ. ಮಾತಿನ ಜಾಗವೂ ಬಹಳ ಜನರಲ್ಲಿ ಎಡಭಾಗದಲ್ಲೇ. ಬಲಗೈ ಮತ್ತು ಮಾತು ಒಟ್ಟಿಗೆ ಕೈಕೊಟ್ಟಿದ್ದು ಅದಕ್ಕೇ. ಕಾಲು ಮೊದಲು ಸುಧಾರಿಸಿ ಕೈ ಹಿಂದೆ ಉಳಿಯುವುದೂ ಬಹಳ ಮನೆಗಳಲ್ಲಿ ಆಗುವುದೇ. ಒರಟು ಶಕ್ತಿ ಬಂದರೂ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಬಹುದು. ಗುಂಡಿ ಹಾಕುವುದಕ್ಕೆ, ತುತ್ತು ಕಲಸುವುದಕ್ಕೆ ಒರಟು ಶಕ್ತಿ ಸಾಲದು.

ಇದರ ಮೇಲೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ರೋಗಿ ಕೈ ಎತ್ತಲು ನೋಡುತ್ತಾರೆ, ಏಳುವುದಿಲ್ಲ. ಮತ್ತೆ ನೋಡುತ್ತಾರೆ, ಏಳುವುದಿಲ್ಲ. ಎಲ್ಲ ಕೆಲಸ ಇನ್ನೊಂದು ಕೈಗೆ ಬೀಳುತ್ತದೆ. ಸ್ವಲ್ಪ ದಿನಕ್ಕೆ ಮಿದುಳು ಆ ಕೈಯನ್ನು ಲೆಕ್ಕದಿಂದಲೇ ಬಿಡುತ್ತದೆ. ಆಮೇಲೆ ಒಳಗೆ ಸ್ವಲ್ಪ ದಾರಿ ತೆರೆದಿದ್ದರೂ ಯಾರೂ ಆ ದಾರಿಯಲ್ಲಿ ಹೋಗುವುದಿಲ್ಲ. ಕನ್ನಡಿ ಕೆಲಸ ಮಾಡುವುದು ಇಲ್ಲೇ.

ಈ ಉಪಾಯ ಮೊದಲು ಹೊಳೆದದ್ದು ಲಕ್ವಾಕ್ಕಲ್ಲ, ಕೈ ಕತ್ತರಿಸಿದವರ ನೋವಿಗೆ. ತಮಿಳುನಾಡಿನಲ್ಲಿ ಹುಟ್ಟಿ, ಚೆನ್ನೈಯಲ್ಲಿ ಡಾಕ್ಟರಿಕೆ ಓದಿ, ಅಮೆರಿಕದ ಸ್ಯಾನ್ ಡಿಯಾಗೋಗೆ ಹೋದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. ಕೈ ಹೋದವರಿಗೂ ಆ ಇಲ್ಲದ ಕೈ ಮುಷ್ಟಿ ಬಿಗಿದುಕೊಂಡು ನೋಯುತ್ತಿರುತ್ತದೆ. ರಾಮಚಂದ್ರನ್ ಒಂದು ಪೆಟ್ಟಿಗೆಯಲ್ಲಿ ಕನ್ನಡಿ ನಿಲ್ಲಿಸಿ, ಇರುವ ಕೈಯ ಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿದರು. ಇರುವ ಕೈಯ ಮುಷ್ಟಿ ಬಿಚ್ಚಿದರೆ ಕನ್ನಡಿಯಲ್ಲಿ ಇಲ್ಲದ ಕೈಯೂ ಬಿಚ್ಚಿಕೊಳ್ಳುತ್ತದೆ. ಹಲವರಿಗೆ ಬಿಗಿತ ಸಡಿಲವಾಯಿತು. 1999ರಲ್ಲಿ ಅವರೂ ಜೊತೆಯವರೂ ಇದನ್ನೇ ಲಕ್ವಾ ಆದ 9 ಜನರ ಮೇಲೆ ಮಾಡಿ ನೋಡಿದರು. ಅಲ್ಲಿಂದ ಈಚೆಗೆ ಎಷ್ಟೋ ದೇಶಗಳಲ್ಲಿ ಪರೀಕ್ಷೆಗಳಾದವು. 2018ರಲ್ಲಿ, ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ತಜ್ಞರು 62 ಅಧ್ಯಯನಗಳನ್ನು, ಅಂದರೆ 1982 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಕೈಕಾಲಿನ ಚಲನೆ ಸುಧಾರಿಸುತ್ತದೆ, ದಿನದ ಕೆಲಸಗಳು ಸ್ವಲ್ಪ ಸುಲಭ ಆಗುತ್ತವೆ, ನೋವಿದ್ದರೆ ಅದೂ ಕಡಿಮೆ ಆಗಬಹುದು ಅಂತ ಕಂಡುಬಂತು. ಪವಾಡ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬೇರೆ ವ್ಯಾಯಾಮದ ಜೊತೆಗೆ ಮಾಡಿದರೆ ಲಾಭ ಇದೆ, ಅಷ್ಟು.

ನನಗೆ ಇದು ಇಷ್ಟ ಆಗುವುದಕ್ಕೆ ಇನ್ನೊಂದು ಕಾರಣ ಇದೆ. ಲಕ್ವಾ ಆದ ಕೈಗೆ ಇರುವ ಹಲವು ಒಳ್ಳೆಯ ವ್ಯಾಯಾಮಗಳು ಕೈ ಸ್ವಲ್ಪವಾದರೂ ಆಡುತ್ತಿದ್ದರೆ ಮಾತ್ರ ನಡೆಯುತ್ತವೆ. ಒಳ್ಳೆಯ ಕೈ ಕಟ್ಟಿಹಾಕಿ ಬಿದ್ದ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ ಒಂದಿದೆ. ಅದಕ್ಕೆ ಮಣಿಕಟ್ಟು, ಬೆರಳು ಒಂಚೂರು ಮೇಲೆ ಏಳಲೇಬೇಕು. ನಿಮ್ಮ ತಾಯಿಗೆ ಅದು ಈಗ ಆಗದು. ಕನ್ನಡಿಗೆ ಅಂಥ ಷರತ್ತಿಲ್ಲ. ಏನೂ ಆಡದ ಕೈಗೂ ಶುರು ಮಾಡಬಹುದು. ಖರ್ಚು ಅಂದರೆ ಒಂದು ಗಾಜು.

ಕನ್ನಡಿ ತರುವಾಗ ಮುಖ ನೋಡುವ ಸಣ್ಣದು ಬೇಡ. ಎರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರ ಇರಲಿ. ಮೊಣಕೈಯಿಂದ ಬೆರಳ ತುದಿವರೆಗೆ ಪೂರ್ತಿ ಕಾಣಬೇಕು. ಬೆರಳ ತುದಿ ಕತ್ತರಿಸಿಹೋದರೆ ಮಿದುಳು ನಂಬುವುದಿಲ್ಲ. ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ, ಮೇಲೆ ಟೇಪ್ ಸುತ್ತಿ. ಬಡಗಿಯಿಂದ ಎರಡು ಕಾಲಿನ ಒಂದು ಸ್ಟ್ಯಾಂಡ್ ಮಾಡಿಸಿ, ಅಲ್ಲಾಡಬಾರದು. ತೆಳು ಪ್ಲಾಸ್ಟಿಕ್ ಕನ್ನಡಿ ಬಾಗಿದರೆ ಕೈ ಸೊಟ್ಟಗೆ ಕಾಣುತ್ತದೆ, ಅದು ಬೇಡ.

ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗಲಿ. ಮುಂದೆ ಟೇಬಲ್. ಕನ್ನಡಿಯನ್ನು ಅವರ ಎದೆಯ ನಡುವಿಗೆ ನೇರವಾಗಿ, ಉದ್ದಕ್ಕೆ ನಿಲ್ಲಿಸಿ. ಹೊಳೆಯುವ ಮುಖ ಎಡಗೈ ಕಡೆಗಿರಬೇಕು. ಬಿದ್ದ ಬಲಗೈ ಕನ್ನಡಿಯ ಹಿಂದೆ, ಮಡಚಿದ ಟವೆಲ್ ಮೇಲೆ ಆರಾಮವಾಗಿರಲಿ. ಅದು ಅವರ ಕಣ್ಣಿಗೆ ಬೀಳಬಾರದು. ಈಗ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕನ್ನಡಿಯೊಳಗೆ ನೋಡಿದರೆ ಎಡಗೈಯ ಬಿಂಬ ಬಲಗೈಯಂತೆ, ಬಲಗೈ ಇರುವ ಜಾಗದಲ್ಲೇ ಕಾಣುತ್ತದೆ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿ. ಕನ್ನಡಿಯನ್ನು ಮುಖದ ಎದುರಿಗೆ ಇಟ್ಟು ‘ನೋಡು, ಕೈ ಆಡಿಸು’ ಅನ್ನುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಬಳೆಯ ವಿಷಯ ಬೇರೆಯಾಗಿಯೇ ಹೇಳಬೇಕು. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ತಾಯಿಗೆ ಕನ್ನಡಿ ಇಟ್ಟೆ. ಹತ್ತು ನಿಮಿಷ ಆದರೂ ಅವರು ಮುಖ ಬಿಗಿದುಕೊಂಡೇ ಇದ್ದರು. ‘ಏನು ಕಾಣಿಸುತ್ತದೆ?’ ಅಂದೆ. ‘ಅದು ನನ್ನ ಬಲಗೈ ಅಲ್ರೀ, ಎಡಗೈ’ ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ, ‘ಬಳಿ ಅದಾವಲ್ರೀ’ ಅಂದರು. ಆಗ ನೋಡಿದೆ. ಎಡಗೈಯಲ್ಲಿ ಅರ್ಧ ಡಜನ್ ಹಸಿರು ಬಳೆ. ಬಲಗೈ ಬೋಳು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚುವಾಗ ಬಲಗೈಯ ಬಳೆ ತೆಗೆದಿದ್ದರು, ಆಮೇಲೆ ಊದಿದ ಕೈಗೆ ಯಾರೂ ಹಾಕಿರಲಿಲ್ಲ. ಬಳೆ ಇರುವ ಕೈ ಬಲಗೈ ಆಗಲು ಸಾಧ್ಯವೇ ಇಲ್ಲ ಅಂತ ಅವರ ಮಿದುಳು ಸರಿಯಾಗಿಯೇ ಹೇಳಿತ್ತು. ತಪ್ಪು ನನ್ನದು. ಬಳೆ, ಉಂಗುರ, ವಾಚು, ಕೈಗೆ ಕಟ್ಟಿದ ದಾರ, ಹಚ್ಚೆ ಇವೆಲ್ಲ ಎಡಗೈಯೋ ಬಲಗೈಯೋ ಅಂತ ಗುರುತು ಹೇಳಿಬಿಡುತ್ತವೆ. ನಮ್ಮ ಕಡೆ ಮುತ್ತೈದೆಯರಿಗೆ ಬಳೆ ತೆಗೆಯಿರಿ ಅಂದರೆ ಆಗುವುದಿಲ್ಲ, ಒತ್ತಾಯ ಮಾಡಲೂಬಾರದು. ಬಳೆಯನ್ನು ಮೊಣಕೈ ಕಡೆಗೆ ಸರಿಸಿ, ಮೇಲೆ ಉದ್ದ ತೋಳಿನ ಕುಪ್ಪಸ ಹಾಕಿಸಿ, ಇಲ್ಲವೇ ತೆಳು ಅರಿವೆ ಸುತ್ತಿ. ಹಚ್ಚೆಗೂ ಅಷ್ಟೇ. ಉಂಗುರ ಮಾತ್ರ ಅರ್ಧ ಗಂಟೆ ತೆಗೆದಿಡಲಿ. ಆ ತಾಯಿಗೂ ಹಾಗೇ ಮಾಡಿದೆವು. ಮರುದಿನ ಅರಿವೆ ಸುತ್ತಿದ ಮೇಲೆ ಎಡಗೈ ಬಿಚ್ಚಿದರು. ಕನ್ನಡಿಯಲ್ಲಿ ಬೆರಳು ಒಂದೊಂದಾಗಿ ಬಿಚ್ಚಿದವು. ಅವರು ಉಸಿರು ಹಿಡಿದುಕೊಂಡು ನೋಡಿದರು, ಆಮೇಲೆ ಕಣ್ಣೊರೆಸಿಕೊಂಡರು. ಮೊದಲ ದಿನ ಅಳು ಬರುವುದು ಉಂಟು. ಗಾಬರಿ ಆಗಬೇಡಿ, ಸ್ವಲ್ಪ ಸುಮ್ಮನಿದ್ದು ಮುಂದುವರಿಸಿ.

ಮಾಡಿಸುವ ಚಲನೆಗಳು ಸರಳ. ಎಡ ಅಂಗೈ ಮೇಲಕ್ಕೆ, ಕೆಳಕ್ಕೆ ತಿರುಗಿಸುವುದು. ಮಣಿಕಟ್ಟನ್ನು ಟೇಬಲ್ ಮೇಲೆ ಊರಿ ಹಸ್ತ ಎತ್ತುವುದು, ಇಳಿಸುವುದು. ಮುಷ್ಟಿ ಕಟ್ಟಿ ಪೂರ್ತಿ ಬಿಚ್ಚುವುದು. ಬೆರಳು ಅಗಲಿಸುವುದು. ಹೆಬ್ಬೆರಳನ್ನು ಒಂದೊಂದು ಬೆರಳಿಗೆ ಮುಟ್ಟಿಸುವುದು. ಎಲ್ಲವೂ ನಿಧಾನ. ಎಷ್ಟು ನಿಧಾನ ಅಂದರೆ ಒಂದು ಸಲ ಮುಷ್ಟಿ ಬಿಚ್ಚುವಷ್ಟರಲ್ಲಿ ನೀವು ಒಂದರಿಂದ ಐದು ಎಣಿಸಬೇಕು. ಎರಡು ಮೂರು ಚಲನೆ ಸಾಕು, ಒಂದೊಂದನ್ನೂ ಇಪ್ಪತ್ತು ಮೂವತ್ತು ಸಲ. ಕನ್ನಡಿಯ ಹಿಂದಿನ ಬಲಗೈಯೂ ಅದೇ ಹೊತ್ತಿಗೆ ಅದೇ ಕೆಲಸ ಮಾಡಲು ಯತ್ನಿಸಬೇಕು. ಏನೂ ಆಡದಿದ್ದರೂ ಪರವಾಗಿಲ್ಲ, ಒಳಗಿನಿಂದ ‘ಬಿಚ್ಚು’ ಅಂತ ಅಪ್ಪಣೆ ಹೋಗಬೇಕು. ನೀವು ಹಿಂದಿನಿಂದ ಆ ಕೈ ಹಿಡಿದು ಎಳೆಯಬೇಡಿ. ತಾಯಿಗೆ ಮಾತು ತಡವರಿಸುತ್ತದೆ ಅಂದಿದ್ದೀರಿ. ಹಾಗಾದರೆ ಬಾಯಲ್ಲಿ ವಿವರಿಸುವುದಕ್ಕಿಂತ ನಿಮ್ಮ ಕೈಯಲ್ಲೇ ಮಾಡಿ ತೋರಿಸಿ.

ಕಣ್ಣು ಕನ್ನಡಿಯ ಮೇಲೇ ಇರಬೇಕು. ನಾನು ಬಹಳ ಒತ್ತಿ ಹೇಳುವುದು ಇದನ್ನೇ. ಪಕ್ಕದಲ್ಲಿ ಧಾರಾವಾಹಿ ನಡೆಯುತ್ತಿದ್ದರೆ, ನೋಡಲು ಬಂದ ಬೀಗರು ಮಾತಾಡಿಸುತ್ತಿದ್ದರೆ ಅರ್ಧ ಗಂಟೆ ಮಾಡಿದ್ದೂ ಹೋಯಿತು. ಬಾಗಿಲು ಹಾಕಿ. ಬೆಳಕು ಚೆನ್ನಾಗಿರಲಿ. ಬೆಳಗಿನ ಚಹಾ ಆದ ಮೇಲೆ 15 ನಿಮಿಷ, ಸಂಜೆ 15 ನಿಮಿಷ. ದಣಿದಾಗ, ಊಟವಾದ ಕೂಡಲೇ ಬೇಡ. ಅಧ್ಯಯನಗಳಲ್ಲಿ ಸರಾಸರಿ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ, 4 ವಾರ ಮಾಡಿಸಿದ್ದಾರೆ. ನೀವೂ 4 ವಾರ ತಪ್ಪಿಸದೆ ಮಾಡಿ, ಆಮೇಲೆ ಅಳೆದು ನೋಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ನಿಲ್ಲಿಸಿ, ಕಣ್ಣು ಬೇರೆ ಕಡೆ ಹೊರಳಿಸಲಿ. ಮರುದಿನ ಐದೇ ನಿಮಿಷದಿಂದ ಶುರು ಮಾಡಿ.

ಕನ್ನಡಿ ತೆಗೆದ ಮೇಲಿನ ಹತ್ತು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಕೈ ಬಂದವರಿಗೂ ಬರದವರಿಗೂ ಇರುವ ದೊಡ್ಡ ವ್ಯತ್ಯಾಸ ಅಲ್ಲೇ. ಕನ್ನಡಿಯಲ್ಲಿ ಎಚ್ಚರವಾದದ್ದನ್ನು ಕೂಡಲೇ ನಿಜವಾದ ಕೆಲಸಕ್ಕೆ ಹಚ್ಚಬೇಕು. ನಿಮ್ಮ ತಾಯಿ ಕೇಳುವ ರೊಟ್ಟಿಯನ್ನೇ ತೆಗೆದುಕೊಳ್ಳಿ. ರೊಟ್ಟಿ ಬಡಿಯುವವರ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬಲ ಅಂಗೈ ಚಪ್ಪಟೆಯಾಗಿ ಬೀಳುತ್ತದೆ, ಎಡಗೈ ಬೆರಳು ಅಂಚನ್ನು ಕಾಯುತ್ತ ರೊಟ್ಟಿ ತಿರುಗಿಸುತ್ತವೆ. ಬಡಿಯುವ ಕೈಗೆ ಮಣಿಕಟ್ಟಿನ ಚುರುಕು ಬೇಕು, ಅದು ಬರುವುದು ತಡ. ಅಂಚು ಕಾಯುವ ಕೈಗೆ ಬೆರಳು ಸ್ವಲ್ಪ ಬಿಚ್ಚಿದರೂ ನಡೆಯುತ್ತದೆ. ಕೊಣಮಗಿ, ಅಂದರೆ ಹಿಟ್ಟು ನಾದುವ ಮರದ ಪಾತ್ರೆ, ಒತ್ತಿ ಹಿಡಿಯುವುದಕ್ಕಂತೂ ಕೈಯ ಭಾರವೇ ಸಾಕು.

ಹಾಗಾಗಿ ಈ ಕ್ರಮದಲ್ಲಿ ಹೋಗಿ. ಮೊದಲು ಎಡಗೈ ಹಿಟ್ಟು ನಾದುವಾಗ ಬಲಗೈ ಕೊಣಮಗಿಯ ಮೇಲೆ ಭಾರ ಹಾಕಿ ಕೂರಲಿ. ನೆಲದ ಮೇಲೆ ಬೇಡ, ಟೇಬಲ್ ಮೇಲೆ. ಬೆರಳು ಸ್ವಲ್ಪ ಬಿಚ್ಚಲು ಶುರುವಾದರೆ ಒದ್ದೆ ಅರಿವೆಯ ಮೇಲೆ ಬಲ ಅಂಗೈ ಇಟ್ಟು, ಎಡಗೈ ಆಸರೆಯಲ್ಲಿ ಟೇಬಲ್ ಒರೆಸಲಿ. ಮುಂದೆ ಕೈ ಬದಲಿಸಿ, ಎಡಗೈ ಬಡಿಯಲಿ, ಬಲಗೈ ಅಂಚು ಕಾಯಲಿ. ರೊಟ್ಟಿ ಸೊಟ್ಟ ಆಗುತ್ತದೆ. ಆಗಲಿ. ಬಿಸಿ ಹಂಚಿನ ಹತ್ತಿರ ಮಾತ್ರ ಈಗ ಬಿಡಬೇಡಿ. ಲಕ್ವಾ ಆದ ಕೈಗೆ ಸುಟ್ಟರೂ ತಿಳಿಯದೆ ಇರಬಹುದು.

ಇನ್ನು ಮಾಡಬಾರದ್ದು. ಬಿದ್ದ ಕೈ ಹಿಡಿದು ಎಬ್ಬಿಸಬೇಡಿ, ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ. ಹಗ್ಗ-ರಾಟೆ ಕಟ್ಟಿ ಕೈಯನ್ನು ತಲೆಯ ಮೇಲೆ ಎಳೆಸಬೇಡಿ. ಭುಜ ಹಿಡಿದಿರುವ ಸ್ನಾಯು ಸಡಿಲವಾಗಿರುವುದರಿಂದ ಕೀಲು ಜಾರುತ್ತದೆ. ಒಮ್ಮೆ ಭುಜದ ನೋವು ಹತ್ತಿದರೆ ರೋಗಿ ಕೈ ಮುಟ್ಟಲೂ ಬಿಡುವುದಿಲ್ಲ, ತಿಂಗಳುಗಟ್ಟಲೆ ವ್ಯಾಯಾಮ ನಿಲ್ಲುತ್ತದೆ. ಎಣ್ಣೆ ಹಚ್ಚಿ ಮೆಲ್ಲಗೆ ಸವರಿದರೆ ತೊಂದರೆ ಇಲ್ಲ, ಹಿತ ಅನಿಸುತ್ತದೆ. ಜಗ್ಗಿ ತಿಕ್ಕುವುದು ಬೇಡ. ಪಾರಿವಾಳದ ರಕ್ತ ಹಚ್ಚಿಸಲು ಕರೆದೊಯ್ಯುವವರು ಇನ್ನೂ ಇದ್ದಾರೆ. ಅದರಿಂದ ಕೈಗೆ ಕಿಂಚಿತ್ತೂ ಲಾಭ ಇಲ್ಲ, ಆ ಹೊತ್ತೂ ದುಡ್ಡೂ ವ್ಯಾಯಾಮಕ್ಕೆ ಹೋಗಲಿ. ಮಡಚಿದ ಬೆರಳಿಗೆ ಸ್ಪಂಜಿನ ಚೆಂಡು ಕೊಟ್ಟು ‘ಹಿಚುಕು’ ಅನ್ನುವುದನ್ನೂ ನಿಲ್ಲಿಸಿ. ಆ ಕೈಗೆ ಮುಚ್ಚಲು ಬರುತ್ತಿದೆ, ಅದೇ ಜಾಸ್ತಿ ಆಗಿದೆ. ಅದು ಕಲಿಯಬೇಕಾದದ್ದು ಬಿಚ್ಚುವುದನ್ನು.

ಬಿಗಿತ ಬಹಳ ಇದ್ದು ಅಂಗೈ ತೊಳೆಯಲೂ ಆಗುತ್ತಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಇದೆ, ಬೆರಳು ಬಿಚ್ಚಿರುವಂತೆ ರಾತ್ರಿ ಕಟ್ಟುವ ಆಸರೆ ಪಟ್ಟಿ (ಸ್ಪ್ಲಿಂಟ್) ಇದೆ. ಕೈ ಊದಿ, ಕೆಂಪಾಗಿ, ಮುಟ್ಟಿದರೆ ಉರಿಯುತ್ತಿದ್ದರೂ ತಡ ಮಾಡಬೇಡಿ. ಬಲಗಡೆ ಇಟ್ಟದ್ದು ಕಾಣಿಸದಿದ್ದರೆ, ತಟ್ಟೆಯ ಒಂದು ಬದಿಯ ಅನ್ನ ಹಾಗೇ ಬಿಡುತ್ತಿದ್ದರೆ ಕನ್ನಡಿ ಶುರು ಮಾಡುವ ಮೊದಲೇ ತಿಳಿಸಿ. ಮೊದಲ ಎರಡು ಮೂರು ಸಲವಾದರೂ ಗೊತ್ತಿದ್ದವರ ಮುಂದೆ ಮಾಡಿಸುವುದು ಒಳ್ಳೆಯದು. ಗದಗದ ಜಿಮ್ಸ್ ಆಸ್ಪತ್ರೆ ನಿಮಗೆ ಹತ್ತಿರ. ಹುಬ್ಬಳ್ಳಿಯ ಕೆಎಂಸಿ-ಆರ್‌ಐ ಆಸ್ಪತ್ರೆಗೂ (ಮೊದಲು ಕಿಮ್ಸ್ ಅನ್ನುತ್ತಿದ್ದರು) ಬರಬಹುದು. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ‘ಈಗ ಆರಾಮ ಆಯ್ತಲ್ಲ’ ಅಂತ ಬಿಡಬೇಡಿ. ಲಕ್ವಾ ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವ ಭಯ ಇದ್ದೇ ಇರುತ್ತದೆ. ಬಾಯಿ ಸೊಟ್ಟಗಾದರೆ, ಇನ್ನೊಂದು ಕೈ ಜೋತುಬಿದ್ದರೆ, ಮಾತು ಥಟ್ಟನೆ ಇನ್ನಷ್ಟು ತೊದಲಿದರೆ ಬೆಳಗಾಗಲಿ ಅಂತ ಕಾಯದೆ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಕೊಡುವ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಆಗಬೇಕು.

ಎಷ್ಟು ಬರುತ್ತದೆ ಅಂತ ಕೇಳುತ್ತೀರಿ. ನೇರವಾಗಿ ಹೇಳುತ್ತೇನೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಬೇಗ, ಆಮೇಲೆ ನಿಧಾನ. ನಿಮ್ಮ ತಾಯಿಗೆ ನಾಲ್ಕು ತಿಂಗಳಾಗಿದೆ, ಬಾಗಿಲು ಮುಚ್ಚಿಲ್ಲ. ಆರು ತಿಂಗಳು, ವರ್ಷ ದಾಟಿದವರಿಗೂ ಕನ್ನಡಿಯಿಂದ ಲಾಭ ಆದ ಲೆಕ್ಕ ಆ ಅಧ್ಯಯನಗಳಲ್ಲಿದೆ. ಆದರೆ ಈಗಲೂ ಬೆರಳು ಒಂಚೂರೂ ಬಿಚ್ಚುತ್ತಿಲ್ಲ ಅಂದರೆ ಕೈ ಮೊದಲಿನಂತೆ ಪೂರ್ತಿ ಆಗುವುದು ಕಷ್ಟ. ಆಸರೆ ಕೊಡುವ ಕೈ ಆಗುವ ಆಸೆ ಇಟ್ಟುಕೊಳ್ಳಬಹುದು. ಆಸರೆಯ ಕೈಯೂ ಸಣ್ಣ ಮಾತಲ್ಲ. ಸೀರೆಯ ನೆರಿಗೆ ಹಿಡಿಯುವುದಕ್ಕೆ, ತಂಬಿಗೆ ಒತ್ತಿ ಹಿಡಿದು ಮುಚ್ಚಳ ತೆಗೆಯುವುದಕ್ಕೆ ಅದೇ ಬೇಕು.

ತಾಯಿಗೆ ಏನು ಹೇಳಲಿ ಅಂದಿರಿ. ‘ಬಡಿತೀ ಬಿಡವ್ವ’ ಅಂತ ಸುಳ್ಳು ಭರವಸೆ ಕೊಡಬೇಡಿ, ‘ಇನ್ನೆಲ್ಲಿ ಆಗುತ್ತದೆ’ ಅಂತಲೂ ಅನ್ನಬೇಡಿ. ‘ಮೊದಲು ಕೊಣಮಗಿ ಹಿಡಿ, ನಾನು ಬಡಿತೀನಿ, ನೀ ಹೇಳಿಕೊಡು’ ಅನ್ನಿ. ಮಗ ರೊಟ್ಟಿ ಬಡಿಯಲು ಕೂತರೆ ಅವರ ಕೈ ತಾನಾಗಿ ಮುಂದೆ ಬರುತ್ತದೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಶುರು ಮಾಡುವ ದಿನ ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಡಿ. ಬಲಗೈ ಟೇಬಲ್ ಮೇಲಿರಲಿ. ಹೆಬ್ಬೆರಳು ಅಗಲಿಸಲು, ಮುಷ್ಟಿ ಬಿಚ್ಚಲು, ಹಸ್ತ ಎತ್ತಲು ಹೇಳಿ, ಬಂದಷ್ಟು ಬರಲಿ. ಪ್ರತಿ ಭಾನುವಾರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಮಾಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ, ವಿಡಿಯೋದಲ್ಲಿ ಕಾಣುತ್ತದೆ. ನಾಲ್ಕನೇ ವಾರದ ಕೊನೆಗೆ ಐದೂ ವಿಡಿಯೋಗಳನ್ನು ನಿಮ್ಮ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಹೆಬ್ಬೆರಳು ಒಂದು ಅಕ್ಕಿ ಕಾಳಿನಷ್ಟು ಸರಿದಿದ್ದರೂ ಅವರು ಮುಂದಿನ ವ್ಯಾಯಾಮವನ್ನು ಅದರ ಮೇಲೇ ಕಟ್ಟುತ್ತಾರೆ.